ಭಾನುವಾರ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗ್ತೀರಿ? (ಮಾಲ್ ಬಿಟ್ಟು ಹೇಳಿ)

ವಿಜಯನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ವರ್ಷದ ಮಗ, ಎರಡು ವರ್ಷದ ಮಗಳು, ಜೊತೆಗೆ ಮಂಡಿನೋವಿನ ಅತ್ತೆ ಇದ್ದಾರೆ. ಕಾರಿಲ್ಲ, ಒಂದು ಸ್ಕೂಟರ್ ಇದೆ. ಭಾನುವಾರ ಬಂತು ಅಂದರೆ ಮಗ ಬೆಳಗ್ಗೆ ಆರಕ್ಕೇ ಎದ್ದು "ಇವತ್ತು ಎಲ್ಲಿಗೆ?" ಅಂತ ಶುರು ಮಾಡುತ್ತಾನೆ. ಶಾಲೆ ಇರುವ ದಿನ ಏಳೂವರೆಯಾದರೂ ಏಳದವನು! ಮಾಲ್‌ಗೆ ಹೋಗಿ ಹೋಗಿ ಸಾಕಾಗಿದೆ. ಆಟದ ಜಾಗಕ್ಕೆ ದುಡ್ಡು ಸುರಿದು, ಪಾಪ್‌ಕಾರ್ನ್ ಕೊಡಿಸಿ, ಕೊನೆಗೆ ಅಳುವ ಮಗುವನ್ನು ಎತ್ತಿಕೊಂಡು ಬರುವುದೇ ಆಗಿದೆ. ಬೆಂಗಳೂರಿನ ಒಳಗೆ, ಇಲ್ಲಾಂದ್ರೆ ಬೆಳಗ್ಗೆ ಹೋಗಿ ಸಂಜೆಯೊಳಗೆ ಬರುವಂಥ ಜಾಗ ಯಾವುದಾದರೂ ಹೇಳಿ. ಟಾಯ್ಲೆಟ್ ಪರವಾಗಿಲ್ಲ ಅನ್ನುವ ಹಾಗಾದರೂ ಇರಬೇಕು. ಮಗಳಿಗೆ ಈಗ ತಾನೇ ಡೈಪರ್ ಬಿಡಿಸುತ್ತಿದ್ದೇವೆ.

ಇಬ್ಬರ ಅಪ್ಪ:
ವಿಜಯನಗರ ಅಂದರೆ ನೇರಳೆ ಮಾರ್ಗ, ನಿಮಗೇನು ಯೋಚನೆ! ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ, ಮಧ್ಯೆ ಬದಲಾಯಿಸುವ ಗೋಜಿಲ್ಲ. ಮೂರಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ಭಾನುವಾರ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ, ಹಾಗಾಗಿ ರಸ್ತೆಯೇ ಮಕ್ಕಳದ್ದು. ಎರಡು ವರ್ಷದವಳನ್ನು ಕೈಬಿಟ್ಟು ಓಡಾಡಿಸಲು ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಜಾಗ ನನಗೆ ಗೊತ್ತಿಲ್ಲ. ಒಂದು ಚೆಂಡು ತೆಗೆದುಕೊಂಡು ಹೋಗಿ, ಅಷ್ಟು ಸಾಕು.

ಬಿಸಿಲು ಏರಿದ ಮೇಲೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಒಂಬತ್ತೂವರೆಗೆ ತೆರೆಯುತ್ತದೆ, ಭಾನುವಾರವೂ ಇರುತ್ತದೆ. ನಿಮ್ಮ ಮಗನಿಗೆ ಗುಂಡಿ ಒತ್ತಿದರೆ ತಿರುಗುವ, ಉರುಳುವ ಯಂತ್ರಗಳ ಮುಂದೆ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಅಲ್ಲಿ ಕತ್ತು ಅಲ್ಲಾಡಿಸಿ ಅರಚುವ ಡೈನೋಸಾರ್ ಇದೆ, ಚಿಕ್ಕವಳು ಹೆದರಬಹುದು. ದೊಡ್ಡವನನ್ನು ಒಬ್ಬರು ಒಳಗೆ ಕರೆದುಕೊಂಡು ಹೋದರೆ ಚಿಕ್ಕವಳ ಜೊತೆ ಇನ್ನೊಬ್ಬರು ಹೊರಗಿರಿ.

ಜಯನಗರ 4ನೇ ಬ್ಲಾಕ್:
ಬಾಲಭವನ ಬಿಟ್ಟೇಬಿಟ್ಟಿರಲ್ಲ! ಕಬ್ಬನ್ ಪಾರ್ಕಿನ ಒಳಗೇ ಇದೆ. ಪುಟಾಣಿ ರೈಲು ಓಡುತ್ತಿದೆಯೋ ಇಲ್ಲವೋ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಕೇಳುವವರೆಗೂ ಮಗನ ಮುಂದೆ ರೈಲಿನ ಮಾತೇ ಎತ್ತಬೇಡಿ.

ನಾವು ಹೋಗುವುದು ಲಾಲ್‌ಬಾಗ್‌ಗೆ. ಎಲ್ಲರೂ ಗಾಜಿನ ಮನೆ ಕಡೆ ನಡೆಯುತ್ತಾರೆ. ನಮ್ಮ ಮಕ್ಕಳಿಗೆ ಮಾತ್ರ ಬಂಡೆಯೇ ಬೇಕು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಬೋರ್ಡ್ ಹಾಕಿದ್ದಾರೆ. ಮಗಳಿಗೆ ಕೋಟಿ ಅಂದರೆ ಏನಂತ ಗೊತ್ತಿಲ್ಲ, "ಅಜ್ಜಿಗಿಂತ ಜಾಸ್ತಿನಾ?" ಅಂತ ಕೇಳಿದಳು. ಬಂಡೆಯ ಮೇಲೆ ಅಲ್ಲಲ್ಲಿ ಪುಟ್ಟ ಗುಳಿಗಳಿವೆ. ಮಳೆ ಬಂದ ಮರುದಿನ ಅದರಲ್ಲಿ ನೀರು ನಿಂತಿರುತ್ತದೆ. ಒಣಗಿದ ಎಲೆಯನ್ನು ಅದರಲ್ಲಿ ತೇಲಿಬಿಟ್ಟು, ಊದಿ, ಇನ್ನೊಂದು ಎಲೆ ಹುಡುಕಿಕೊಂಡು ಬಂದು, ಮತ್ತೆ ಊದಿ... ಇಷ್ಟರಲ್ಲೇ ಬೆಳಗ್ಗೆ ಮುಗಿಯುತ್ತದೆ. ನನ್ನ ಗಂಡ "ಗಾಜಿನ ಮನೆ ನೋಡಲ್ವಾ, 1889ರಲ್ಲಿ ಕಟ್ಟಿದ್ದು" ಅಂತ ಕರೆಯುತ್ತಲೇ ಇರುತ್ತಾರೆ. ಯಾರೂ ಕದಲುವುದಿಲ್ಲ.

ಜನವರಿ, ಆಗಸ್ಟ್ ಫಲಪುಷ್ಪ ಪ್ರದರ್ಶನದ ಭಾನುವಾರ ಮಾತ್ರ ಆ ಕಡೆ ತಲೆ ಹಾಕಬೇಡಿ. ಹೂ ಕಾಣುವುದಿಲ್ಲ, ಜನರ ಬೆನ್ನು ಕಾಣುತ್ತದೆ. ಮಕ್ಕಳ ಎತ್ತರಕ್ಕೆ ಅದೂ ಇಲ್ಲ, ಬರೀ ಕಾಲು.

ಇನ್ನೊಂದು ಮಾತು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡರಲ್ಲೂ ಚಾಪೆ ಹಾಸಿ ಊಟದ ಡಬ್ಬಿ ಬಿಚ್ಚಿದರೆ ಸೆಕ್ಯುರಿಟಿಯವರು ಬಂದು ಎಬ್ಬಿಸುತ್ತಾರೆ. ತಿಂಡಿ ಮುಗಿಸಿಕೊಂಡೇ ಒಳಗೆ ಹೋಗಿ.

ಪ್ರದೀಪನ ಅಪ್ಪ:
ಮಾಲ್ ಅಂದ ತಕ್ಷಣ ಎಲ್ಲರೂ ಮೂಗು ಮುರಿಯುತ್ತೀರಿ. ಮಗುವಿಗೆ ಹಾಲು ಕುಡಿಸಲು ಪ್ರತ್ಯೇಕ ಕೋಣೆ, ಡೈಪರ್ ಬದಲಿಸಲು ಮೇಜು, ಗಾಲಿಕುರ್ಚಿ ಹೋಗುವ ಇಳಿಜಾರು, ಒಣಗಿದ ನೆಲದ ಟಾಯ್ಲೆಟ್, ಇಷ್ಟೂ ಒಂದೇ ಕಡೆ ಇರುವ ಇನ್ನೊಂದು ಜಾಗ ಈ ಊರಲ್ಲಿ ತೋರಿಸಿ ನೋಡೋಣ. ಪಾರ್ಕಿನಲ್ಲಿ ಮಗು "ಎರಡಕ್ಕೆ" ಅಂದಾಗ ಗೊತ್ತಾಗುತ್ತದೆ ಪ್ರಕೃತಿಯ ಸೊಬಗು.

ಜಯನಗರ 4ನೇ ಬ್ಲಾಕ್:
ಅದಕ್ಕೇ ಹೇಳೋದು ಬೆಳಗ್ಗೆ ಹೋಗಿ ಅಂತ. ಏಳು ಗಂಟೆಗೆ ತೊಳೆದಿರುತ್ತಾರೆ. ಹನ್ನೊಂದರ ಮೇಲೆ ದೇವರೇ ಗತಿ. ಮೆಟ್ರೊ ನಿಲ್ದಾಣದ ಟಾಯ್ಲೆಟ್ ಎಷ್ಟೋ ಪಾಲು ಮೇಲು, ಇಳಿದ ತಕ್ಷಣ, ಹತ್ತುವ ಮೊದಲು ಕರೆದುಕೊಂಡು ಹೋಗಿಬಿಡಿ.

ಮಲ್ಲೇಶ್ವರಂ ತಾತ:
ನನಗೆ ಎಪ್ಪತ್ತೊಂದು. ಮೊಮ್ಮಗ ಭಾನುವಾರ ನನ್ನ ಪಾಲಿಗೆ. ದುಡ್ಡು ಖರ್ಚು ಮಾಡುವ ಜಾಗಗಳನ್ನೇ ಎಲ್ಲರೂ ಹೇಳುತ್ತಿದ್ದೀರಿ. ನಾವು ಮಲ್ಲೇಶ್ವರಂ ರೈಲ್ವೆ ಸ್ಟೇಷನ್‌ಗೆ ಹೋಗುತ್ತೇವೆ. ಹತ್ತು ರೂಪಾಯಿ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಬೆಂಚಿನ ಮೇಲೆ ಕೂರುವುದು. ಗೂಡ್ಸ್ ಗಾಡಿ ಬಂದರೆ ಡಬ್ಬಿ ಎಣಿಸುವುದು. ನಲವತ್ತು ದಾಟಿದ ಮೇಲೆ ಅವನ ಲೆಕ್ಕ ತಪ್ಪುತ್ತದೆ, ನನ್ನದೂ ತಪ್ಪುತ್ತದೆ. ಡ್ರೈವರ್ ಒಮ್ಮೊಮ್ಮೆ ಕೈ ಬೀಸುತ್ತಾರೆ. ಆಮೇಲೆ ಸ್ಯಾಂಕಿ ಕೆರೆ ದಡದಲ್ಲಿ ಅರ್ಧ ಸುತ್ತು, ಅಲ್ಲಿಂದ ಇಡ್ಲಿ, ಅಲ್ಲಿಂದ ಮನೆ. ಹತ್ತಕ್ಕೆ ವಾಪಸ್. ಮಗು ಊಟ ಮಾಡಿ ಮಲಗಿದರೆ ನನಗೂ ಒಂದು ನಿದ್ದೆ.

ನಿಮ್ಮ ಅತ್ತೆಯವರಿಗೂ ಇದು ಆಗುತ್ತದೆ ತಾಯಿ. ಮಂಡಿನೋವಿನವರಿಗೆ ನಡೆಯುವುದಕ್ಕಿಂತ ಕೂರುವ ಜಾಗ ಮುಖ್ಯ.

ಮಂಡ್ಯದವಳು:
ತಾತನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಿಮ್ಮ ಮಗನಿಗೆ ರೈಲು ಇಷ್ಟ ಇದ್ದರೆ ಮೆಜೆಸ್ಟಿಕ್‌ನಿಂದ ಮೈಸೂರು ಕಡೆಯ ಮೆಮು ಹತ್ತಿ ರಾಮನಗರ, ಚನ್ನಪಟ್ಟಣ, ಮದ್ದೂರು ಯಾವುದಾದರೂ ಒಂದು ಕಡೆ ಇಳಿಯಿರಿ. ಐದು ತುಂಬದ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ.

ಅತ್ತೆಯವರು ಜೊತೆಗಿದ್ದರೆ ನನ್ನ ಓಟು ರಾಮನಗರದ ಜಾನಪದ ಲೋಕಕ್ಕೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಮಂಗಳವಾರ ರಜೆ, ಭಾನುವಾರ ತೆರೆದಿರುತ್ತದೆ. ಒರಳು, ಬೀಸುವ ಕಲ್ಲು, ಕಣಜ, ನೇಗಿಲು, ತೊಗಲು ಗೊಂಬೆ ಎಲ್ಲ ಇದೆ. ನನ್ನ ಅತ್ತೆಯನ್ನು ಕರೆದುಕೊಂಡು ಹೋದಾಗ ಅವರು ಗೈಡ್ ಆಗಿಬಿಟ್ಟರು. "ಇದು ಸೇರು, ಇದು ಪಾವು, ಇದು ಚಟಾಕು" ಅಂತ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಪಾಠ. ಬೀಸುವ ಕಲ್ಲಿನ ಗೂಟ ಹಿಡಿಯುವುದು ಹೇಗೆ, ಕಾಳು ಹಾಕುವ ಕೈ ಯಾವುದು, ತಿರುಗಿಸುವ ಕೈ ಯಾವುದು ಅಂತ ಗಾಳಿಯಲ್ಲೇ ಮಾಡಿ ತೋರಿಸಿದರು. ಪಕ್ಕದಲ್ಲಿದ್ದ ಬೇರೆಯವರ ಮಕ್ಕಳೂ ಬಂದು ನಿಂತರು. ಮನೆಯಲ್ಲಿ ಮೊಬೈಲ್ ರೀಚಾರ್ಜ್ ಗೊತ್ತಿಲ್ಲ ಅಂತ ಬೈಸಿಕೊಳ್ಳುವವರು ಅಲ್ಲಿ ಎಲ್ಲರಿಗಿಂತ ಬಲ್ಲವರು!

ಚನ್ನಪಟ್ಟಣಕ್ಕೆ ಹೋದರೆ ಬೊಂಬೆ ಅಂಗಡಿಗಿಂತ ಬೊಂಬೆ ಮಾಡುವ ಮನೆಗೆ ಹೋಗಿ. ಲೇತ್ ಮೇಲೆ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಆ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ತಿರುಗುವ ಲೇತ್ ಹತ್ತಿರ ಮಾತ್ರ ಕೈ ಹಿಡಿದುಕೊಂಡೇ ಇರಿ.

ಸ್ಕೂಟರ್‌ನಲ್ಲಿ ಬರುವ ಯೋಚನೆ ಇದ್ದರೆ ಒಂದು ತಿಳಿದಿರಲಿ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಸ್ಕೂಟರು, ಆಟೊ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಮಕ್ಕಳ ವಾರ್ಡ್ ನರ್ಸ್:
ಸ್ಕೂಟರ್ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಒಂದು ಸ್ಕೂಟರ್ ಮೇಲೆ ದೊಡ್ಡವರಿಬ್ಬರು, ಮಕ್ಕಳಿಬ್ಬರು ಬೇಡ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಓಡಿಸುವವರ ಮೈಗೆ ಕಟ್ಟುವ ಬೆಲ್ಟ್, ಹೆಲ್ಮೆಟ್ ಇರಬೇಕು, ವೇಗ 40 ದಾಟಬಾರದು. 2023ರಿಂದ ಇದು ನಿಯಮ. ನಿಯಮ ಪಕ್ಕಕ್ಕಿಡಿ, ನಿದ್ದೆ ಬಂದ ಮಗು ಹೇಗೆ ವಾಲುತ್ತದೆ ಅಂತ ನಿಮಗೇ ಗೊತ್ತು.

ವಿಜಯನಗರದ ಅಮ್ಮ:
ಸಿಸ್ಟರ್, ನಾಲ್ಕು ಜನ ಹೋಗುತ್ತೇವೆ ಅಂತ ನಾನೆಲ್ಲಿ ಹೇಳಿದೆ? ಸ್ಕೂಟರ್ ಇದೆ ಅಂದೆ ಅಷ್ಟೇ. ಆದರೂ ಬೆಲ್ಟ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಜಾನಪದ ಲೋಕ ಅತ್ತೆಗೆ ಓದಿ ಹೇಳಿದೆ. "ಬೀಸುವ ಕಲ್ಲು ನೋಡೋಕೆ ಟಿಕೆಟ್ ಬೇರೆನಾ?" ಅಂದರು. ಬರ್ತಾರೆ ಅನ್ನಿಸುತ್ತೆ.

ಮೂಲೆಮನೆ ಸೊಸೆ:
ಎಲ್ಲರೂ ಜಾಗದ ಹೆಸರು ಹೇಳುತ್ತಿದ್ದೀರಿ. ನಾನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಗ್ ಯಾರು ಕಟ್ಟೋದು?

ನಮ್ಮ ಮನೆಯಲ್ಲಿ ಹೀಗೆ. ಶನಿವಾರ ರಾತ್ರಿ ಮಕ್ಕಳ ಎರಡೆರಡು ಜೊತೆ ಬಟ್ಟೆ ತೆಗೆದಿಡಬೇಕು. ಬೆಳಗ್ಗೆ ಐದಕ್ಕೆ ಎದ್ದು ಚಿತ್ರಾನ್ನ, ಮಕ್ಕಳಿಗೆ ಖಾರ ಇಲ್ಲದ ಮೊಸರನ್ನ, ಮಾವನಿಗೆ ಸಕ್ಕರೆ ಇಲ್ಲದ ಕಾಫಿ ಫ್ಲಾಸ್ಕ್‌ನಲ್ಲಿ. ಬಿಸಿನೀರು ಒಂದು, ತಣ್ಣೀರು ಒಂದು. ಟಿಶ್ಯೂ, ಟೋಪಿ, ಪ್ಲಾಸ್ಟಿಕ್ ಕವರ್, ಒಂದು ಹಳೇ ಪಂಚೆ. ಅಷ್ಟರಲ್ಲಿ ನಮ್ಮವರು ಶೂ ಹಾಕಿಕೊಂಡು, ಗೇಟಿನ ಹತ್ತಿರ ನಿಂತು "ಇನ್ನೂ ಆಗಿಲ್ವಾ? ಬಿಸಿಲು ಬಂತು" ಅನ್ನುತ್ತಾರೆ. ಬೀಗ ಹಾಕಿದ ಮೇಲೆ ಚಿಕ್ಕದು "ಒಂದಕ್ಕೆ" ಅನ್ನುತ್ತದೆ. ಸಂಜೆ ಬಂದ ಮೇಲೆ ಎಲ್ಲರೂ ಸೋಫಾ ಮೇಲೆ. ನಾನು ಡಬ್ಬಿಯಲ್ಲಿ ಹುಳಿ ಬಂದ ಮೊಸರನ್ನ ತೊಳೆಯುತ್ತಾ, ಮಕ್ಕಳ ಕಾಲುಚೀಲದಿಂದ ಮರಳು ಕೊಡವುತ್ತಾ ಇರುತ್ತೇನೆ. ಸೋಮವಾರ ಆಫೀಸಿಗೆ ಹೋದರೆ ಅಲ್ಲಿ ಸ್ವಲ್ಪ ಸುಧಾರಿಸಿಕೊಳ್ಳಬಹುದು ಅನ್ನಿಸುತ್ತದೆ. ಮಾಲ್‌ಗೆ ಯಾಕೆ ಹೋಗ್ತೀವಿ ಅಂದರೆ ಅಲ್ಲಿಗೆ ಡಬ್ಬಿ ಕಟ್ಟಬೇಕಾಗಿಲ್ಲ, ಅಷ್ಟೇ.

ಜಯನಗರ 4ನೇ ಬ್ಲಾಕ್:
ಅಕ್ಕಾ, ನಮ್ಮ ಮನೆಗೆ ಬಂದು ನೋಡಿ ಬರೆದ ಹಾಗಿದೆ.

ಇಬ್ಬರ ಅಪ್ಪ:
ಎಲ್ಲ ಗಂಡಸರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಮೇಡಂ. ನಾವೂ ಮಗುವನ್ನು ಎತ್ತಿಕೊಂಡು ತಿರುಗುತ್ತೇವೆ, ಡ್ರೈವ್ ಮಾಡುತ್ತೇವೆ.

ಮೂಲೆಮನೆ ಸೊಸೆ:
ನೀವು ಹೇಳಿದ್ದು ಮೆಟ್ರೊ ಅಲ್ವಾ ಸರ್? ಅದರಲ್ಲಿ ಯಾವ ಡ್ರೈವು?

ಪ್ರದೀಪನ ಅಪ್ಪ:
ಹಹ್ಹಾ. ಇಬ್ಬರ ಅಪ್ಪ ಔಟ್.

ಆದರೆ ಅಕ್ಕ ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ಈ ಜಗಳ ಆಗಿ ಬ್ಯಾಗ್ ನನ್ನ ಪಾಲಿಗೆ ಬಂದಿದೆ. ಈಗ ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಲೇ ಇರುತ್ತದೆ, ಬಿಚ್ಚುವುದೇ ಇಲ್ಲ. ಒಂದು ಜೊತೆ ಬಟ್ಟೆ, ಮೂರು ಚಡ್ಡಿ, ಡೈಪರ್, ಒದ್ದೆ ಟಿಶ್ಯೂ, ಎರಡು ದೊಡ್ಡ ಕವರ್, ಓಆರ್‌ಎಸ್ ಪೊಟ್ಟಣ, ಬ್ಯಾಂಡ್‌ಏಡ್, ಟೋಪಿ, ಕಡಲೆ ಮಿಠಾಯಿ. ಬಂದ ದಿನವೇ ಖರ್ಚಾಗಿದ್ದನ್ನು ತುಂಬಿ ಮತ್ತೆ ನೇತು ಹಾಕುತ್ತೇನೆ. ಹೊರಡುವಾಗ ನೀರಿನ ಬಾಟಲಿ ತುಂಬಿಸಿದರೆ ಆಯಿತು. ಇನ್ನು ಭಾನುವಾರ ಮನೆಯಲ್ಲಿ ತಿಂಡಿ ಇಲ್ಲ, ದರ್ಶಿನಿಯಲ್ಲಿ ಇಡ್ಲಿ. ಮೊದಮೊದಲು ಅಮ್ಮ "ಮನೆಯಲ್ಲಿ ಒಲೆ ಹಚ್ಚದೆ ಹೊರಡ್ತೀರಾ" ಅಂತ ಗೊಣಗಿದರು. ಈಗ ಅವರೇ "ಇವತ್ತು ಖಾಲಿ ದೋಸೆ ತಿನ್ನೋಣ" ಅನ್ನುತ್ತಾರೆ.

ಮಲ್ಲೇಶ್ವರಂ ತಾತ:
ನಾನು ಈ ಜನ್ಮದಲ್ಲಿ ಬ್ಯಾಗ್ ಕಟ್ಟಿದವನಲ್ಲ. ಮನೆಯವರು ಓದಿ "ಸರಿಯಾಗಿ ಬರೆದಿದ್ದಾಳೆ ಆ ಹುಡುಗಿ" ಅಂದರು. ಹಾಗೇ ಬರೆಯಿರಿ ಅಂತಲೂ ಹೇಳಿದರು, ಬರೆದಿದ್ದೇನೆ.

ಮಕ್ಕಳ ವಾರ್ಡ್ ನರ್ಸ್:
ಓಆರ್‌ಎಸ್ ಪೊಟ್ಟಣ ಇಟ್ಟಿದ್ದು ಒಳ್ಳೆಯದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ ಕಲಸಿ. ಅರ್ಧ ಪುಡಿ, ಅಂದಾಜು ನೀರು ಅಂತ ಮಾಡಬೇಡಿ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು.

ದಾರಿಯಲ್ಲಿ ವಾಂತಿ ಮಾಡುವ ಮಕ್ಕಳ ಬಗ್ಗೆ ಇನ್ನೂ ಯಾರೂ ಕೇಳಿಲ್ಲ, ಆದರೆ ಕೇಳೇ ಕೇಳುತ್ತೀರಿ. ಎರಡು ವರ್ಷದ ಮೇಲಿಂದ ಹನ್ನೆರಡರವರೆಗೆ ಇದು ಜಾಸ್ತಿ. ಬಗ್ಗಿ ಮೊಬೈಲ್ ನೋಡುತ್ತಾ ಕೂತರಂತೂ ಖಂಡಿತ. ಕಣ್ಣು ಅಲ್ಲಾಡದ ಚಿತ್ರ ನೋಡುತ್ತದೆ, ಕಿವಿಯ ಒಳಭಾಗಕ್ಕೆ ಮೈ ಓಲಾಡುವುದು ಗೊತ್ತಾಗುತ್ತದೆ, ಎರಡಕ್ಕೂ ತಾಳ ಸೇರದೆ ಹೊಟ್ಟೆ ತೊಳಸುತ್ತದೆ. ಮೊಬೈಲ್ ಇಸಿದುಕೊಂಡು ದೂರದ ಬೆಟ್ಟ ತೋರಿಸಿ, ಕಿಟಕಿ ಸ್ವಲ್ಪ ತೆಗೆಯಿರಿ. ಹೊರಡುವ ಮೊದಲು ಹೊಟ್ಟೆ ತುಂಬ ಹಾಲು ಬೇಡ, ಖಾಲಿ ಹೊಟ್ಟೆಯೂ ಬೇಡ. ಒಂದು ಇಡ್ಲಿ ಸಾಕು.

ಮೈಸೂರಿನ ಚಿಕ್ಕಮ್ಮ:
ಮಂಡ್ಯದವರೆಗೂ ಬಂದು ಮೈಸೂರು ಬಿಟ್ಟಿರಲ್ಲ! ಬೆಳಗ್ಗೆಯ ರೈಲಿಗೆ ಬಂದರೆ ಮೃಗಾಲಯಕ್ಕೇ ಬನ್ನಿ. 1892ರಿಂದ ಇರುವ ಜಾಗ, ಮರಗಳ ನೆರಳೇ ಒಂದು ಸುಖ. ಅತ್ತೆಯವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ. ಮಂಗಳವಾರ ರಜೆ, ಮಿಕ್ಕ ದಿನ ಎಂಟೂವರೆಗೆ ತೆರೆಯುತ್ತದೆ. ಪ್ಲಾಸ್ಟಿಕ್ ಕವರ್ ಗೇಟಿನಲ್ಲೇ ನೋಡುತ್ತಾರೆ, ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ತನ್ನಿ.

ಮೃಗಾಲಯದಲ್ಲಿ ಎಲ್ಲ ಪ್ರಾಣಿಯನ್ನೂ ನೋಡಲೇಬೇಕು ಅಂತ ಹಟ ಮಾಡುವುದು ದೊಡ್ಡವರು, ಮಕ್ಕಳಲ್ಲ. ಟಿಕೆಟ್ ದುಡ್ಡು ವಸೂಲಾಗಬೇಕಲ್ಲ! ನಮ್ಮ ಅಕ್ಕನ ಮಗ ಜಿರಾಫೆ ಮುಂದೆ ನಿಂತವನು ನಿಂತೇ ಇದ್ದ. ಅದು ನಾಲಿಗೆ ಚಾಚಿ ಸೊಪ್ಪು ಎಳೆಯುವುದನ್ನು ನೋಡಿ ತಾನೂ ನಾಲಿಗೆ ಚಾಚುತ್ತಿದ್ದ. ಭಾವ "ಹುಲಿ ಇನ್ನೂ ಮುಂದಿದೆ ಬಾರೋ" ಅಂತ ರಟ್ಟೆ ಹಿಡಿದು ಎಳೆದರು, ಅಲ್ಲಿಂದ ಶುರುವಾದ ಅಳು ಗೇಟಿನ ತನಕ. ಹುಲಿ ಮಲಗಿತ್ತು, ಬೆನ್ನು ಮಾತ್ರ ಕಾಣಿಸಿತು.

ಅದಾದ ಮೇಲೆ ಅರಮನೆ ಬೇಡ. ಚಪ್ಪಲಿ ಬಿಟ್ಟು, ಸಾಲಿನಲ್ಲಿ ನಿಂತು, ಏನೂ ಮುಟ್ಟಬಾರದು ಅಂದರೆ ಎರಡು ವರ್ಷದ ಮಗುವಿಗೆ ಶಿಕ್ಷೆ. ರೈಲ್ವೆ ಸ್ಟೇಷನ್ ಹತ್ತಿರ ರೈಲು ಮ್ಯೂಸಿಯಂ ಇದೆ, 1979ರದ್ದು. ಹಳೇ ಉಗಿ ಎಂಜಿನ್‌ಗಳನ್ನು ಹತ್ತಿರದಿಂದಲೇ ನೋಡಬಹುದು. ವಾಪಸ್ ರೈಲಿಗೆ ಮೊದಲು ಅಲ್ಲಿ ಒಂದು ಗಂಟೆ ಕಳೆಯಿರಿ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹಾಕುತ್ತಾರೆ, ಅದು ಮಾತ್ರ ಮಕ್ಕಳಿಗೆ ಹಬ್ಬ. ಆದರೆ ಅವತ್ತು ಇಲ್ಲೇ ಉಳಿದುಕೊಳ್ಳುವವರಿಗೆ.

ಕುಡ್ಲದ ಅಮ್ಮ:
ಮಂಗಳೂರಿನಲ್ಲಿ ನಮಗೆ ಬೀಚೇ ಪಾರ್ಕ್. ತಣ್ಣೀರುಬಾವಿಗೆ ಬೆಳಗ್ಗೆ ಹೋದರೆ ಒದ್ದೆ ಮರಳಿನ ಮೇಲೆ ಏಡಿ ಓಡುತ್ತಿರುತ್ತವೆ. ಮಗಳು ಅದರ ತೂತಿಗೆ ಕಡ್ಡಿ ಹಾಕಿ, ಏಡಿ ಹೊರಗೆ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾಳೆ. ಏಡಿ ಬರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ನೀರಿಗೆ ಇಳಿಸಲೇಬಾರದು, ಪಾದ ಮುಳುಗುವಷ್ಟು ನೀರೂ ಮಗುವನ್ನು ಎಳೆಯುತ್ತದೆ. ಹೊರ ಊರಿನವರು ಇದನ್ನು ಕೇಳುವುದೇ ಇಲ್ಲ. ಆಗ ನಾವು ಪಿಲಿಕುಳ ನಿಸರ್ಗಧಾಮಕ್ಕೆ ಹೋಗುತ್ತೇವೆ. ಸೋಮವಾರ ರಜೆ.

ಧಾರವಾಡದ ಮಂದಿ:
ಬೆಂಗಳೂರು, ಮೈಸೂರು ಬಿಟ್ಟು ಬೇರೆ ಊರೇ ಇಲ್ಲವೇನ್ರೀ? ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಒಂಬತ್ತರ ಒಳಗೆ, ಇಲ್ಲ ಸಂಜೆ ಐದರ ಮೇಲೆ, ನಡುವೆ ಮನೆ ಬಿಟ್ಟು ಕದಲುವಂತಿಲ್ಲ. ಸಂಜೆ ಆದರೆ ಹುಬ್ಬಳ್ಳಿಯ ಉಣಕಲ್ ಕೆರೆ. ಮಕ್ಕಳು ಒಂದು ಕಡೆ ಓಡುತ್ತಿರುತ್ತವೆ, ನಾವು ಗಿರ್ಮಿಟ್, ಮಿರ್ಚಿ ಭಜಿ ತಿನ್ನುತ್ತಿರುತ್ತೇವೆ. ಹುಬ್ಬಳ್ಳಿಯಲ್ಲೂ 2020ರಿಂದ ರೈಲು ಮ್ಯೂಸಿಯಂ ಐತಿ, ಚಲೋ ಇಟ್ಟಾರೆ. ಸಣ್ಣ ಹುಡುಗರಿಗೆ ಗಿರ್ಮಿಟ್‌ನಲ್ಲಿ ಹಸಿಮೆಣಸಿನಕಾಯಿ ಬೇಡ ಅಂತ ಮೊದಲೇ ಹೇಳಿರಿ, ಕಲಸಿದ ಮೇಲೆ ಆರಿಸೋಕೆ ಆಗೋದಿಲ್ಲ.

ಮೂಲೆಮನೆ ಸೊಸೆ:
ಬ್ಯಾಗ್ ಮೊಳೆಗೆ ನೇತು ಹಾಕುವ ಉಪಾಯ ನಮ್ಮವರಿಗೆ ಓದಿಸಿದೆ. "ಮೊಳೆ ಎಲ್ಲಿ ಹೊಡೀಲಿ?" ಅಂತ ಕೇಳಿದ್ದಾರೆ. ನೋಡೋಣ.

ಇಬ್ಬರ ಅಪ್ಪ:
ನಾನೂ ಒಂದು ಬ್ಯಾಗ್ ಕಟ್ಟಿದ್ದೇನೆ ಅಂತ ಇಲ್ಲಿ ದಾಖಲಾಗಲಿ. ಹೆಂಡತಿ ತೆಗೆದು ನೋಡಿ ಚಿಕ್ಕವನ ಚಡ್ಡಿ ಅಂತ ದೊಡ್ಡವನದ್ದು ಇಟ್ಟಿದ್ದೀಯ ಅಂದಳು. ಅದು ದಾಖಲಾಗದಿದ್ದರೂ ನಡೆಯುತ್ತೆ.

ವಿಜಯನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಕಬ್ಬನ್ ಪಾರ್ಕ್ ಅಂತ ನಿರ್ಧಾರ ಆಗಿದೆ, ಮ್ಯೂಸಿಯಂ ಇನ್ನೊಂದು ವಾರಕ್ಕೆ. ಒಂದು ದಿನಕ್ಕೆ ಒಂದೇ ಜಾಗ. ಇನ್ನೊಂದು ಕೇಳಬೇಕಿತ್ತು. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ನೆಂಟರ ಮದುವೆ ಇದೆ. ಮಗ ಆನೆ ನೋಡಬೇಕು ಅಂತಿದ್ದಾನೆ. ಮಧ್ಯಾಹ್ನ ಮದುವೆ ಊಟ ಮುಗಿಸಿ ಸಕ್ರೆಬೈಲಿಗೆ ಹೋಗಿ ಬರಬಹುದಾ?

ತೀರ್ಥಹಳ್ಳಿ ರಸ್ತೆ:
ಊಟ ಮುಗಿಸಿ ಹೋದರೆ ಆನೆ ಕಾಣುವುದು ಕಷ್ಟ. ಬೆಳಗ್ಗೆ ಕಾಡಿನಿಂದ ಬಿಡಾರಕ್ಕೆ ಕರೆತಂದು ತುಂಗೆಯಲ್ಲಿ ಮೈ ತೊಳೆಯುತ್ತಾರೆ, ಮೇವು ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ವಾಪಸ್ ಕಾಡಿಗೆ. ಶಿವಮೊಗ್ಗದಿಂದ 14 ಕಿ.ಮೀ. ಅಷ್ಟೇ, ಬಸ್ ಸಿಗುತ್ತದೆ. ಶಕ್ತಿ ಯೋಜನೆ ಇರುವ ಬಸ್ ಆದರೆ ನಿಮಗೆ, ಅತ್ತೆಯವರಿಗೆ ಟಿಕೆಟ್ ಉಚಿತ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಮುಹೂರ್ತ ಹತ್ತರ ಮೇಲಿದ್ದರೆ ಎಂಟೂವರೆಗೆಲ್ಲ ಅಲ್ಲಿರಿ, ಒಂದು ಗಂಟೆ ನೋಡಿ ಛತ್ರಕ್ಕೆ ಬನ್ನಿ. ಮದುವೆ ಬಟ್ಟೆ ಹಾಕಿಸಿಕೊಂಡು ಮಾತ್ರ ಬರಬೇಡಿ, ಆನೆ ಸೊಂಡಿಲಲ್ಲಿ ನೀರು ಎಳೆದು ಯಾವ ಕಡೆ ಹಾರಿಸುತ್ತದೆ ಅಂತ ಮಾವುತರಿಗೂ ಗೊತ್ತಿರುವುದಿಲ್ಲ.